ಮೂರು ನಗರ, ಆರು ರಾತ್ರಿ, ಇಬ್ಬರು ಮಕ್ಕಳು: ಆಗುತ್ತಾ?

ಪ್ರಶ್ನೆ: ಜೂನ್ ಕೊನೆಯಲ್ಲಿ ಮೊದಲ ಸಲ ಮಕ್ಕಳನ್ನು ಕರೆದುಕೊಂಡು ವಿದೇಶಕ್ಕೆ ಹೊರಟಿದ್ದೇವೆ. ಮಗಳಿಗೆ 9 ವರ್ಷ, ಮಗನಿಗೆ 4. ಕೈಯಲ್ಲಿರುವುದು 6 ರಾತ್ರಿ. ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಮೂರನ್ನೂ ಮುಗಿಸಿಕೊಂಡು ಬರೋಣ ಅಂತ ನಮ್ಮ ಮನೆಯವರ ಆಸೆ. ರೈಲಿನಲ್ಲಿ ಎರಡು ಮೂರು ಗಂಟೆ ಅಷ್ಟೇ ಅಲ್ವಾ ಅನ್ನುತ್ತಾರೆ. ನನಗೆ ಯಾಕೋ ಧೈರ್ಯ ಸಾಲುತ್ತಿಲ್ಲ. ಮೂರೂ ಆಗುತ್ತಾ? ಆಗದಿದ್ದರೆ ಯಾವುದನ್ನು ಉಳಿಸಿಕೊಳ್ಳಲಿ? ದಿನಗಳನ್ನು ಹೇಗೆ ಹಂಚಲಿ? ಮಗನಿಗೆ ಸ್ಟ್ರಾಲರ್ ಒಯ್ಯಬೇಕಾ?

ಉತ್ತರ: ಆಗುತ್ತೆ. ಟಿಕೆಟ್ ಸಿಗುತ್ತದೆ, ರೂಮ್ ಸಿಗುತ್ತದೆ, ಮೂರೂ ಕಡೆ ನಿಂತು ಫೋಟೊ ತೆಗೆದುಕೊಂಡೂ ಬರಬಹುದು. ಆದರೆ ನಾನಾಗಿದ್ದರೆ ಒಂದೇ ನಗರ ಇಟ್ಟುಕೊಳ್ಳುತ್ತಿದ್ದೆ. ನೀವು ಹೇಳಿದ ಮೂರರಲ್ಲಿ ಅದು ಲಂಡನ್.

ಮೊದಲು ರೈಲಿನ ಲೆಕ್ಕ ನೋಡೋಣ, ಯಾಕಂದರೆ ಮನೆಯವರ ವಾದ ನಿಂತಿರುವುದೇ ಅದರ ಮೇಲೆ. ಲಂಡನ್‌ನಿಂದ ಪ್ಯಾರಿಸ್‌ಗೆ ಯೂರೋಸ್ಟಾರ್ 2 ಗಂಟೆ 20 ನಿಮಿಷದ ಆಸುಪಾಸಿನಲ್ಲಿ ತಲುಪಿಸುತ್ತದೆ. ಅದು ಸರಿ. ಆದರೆ ಅದು ರೈಲು ಓಡುವ ಹೊತ್ತು ಮಾತ್ರ. ಬೆಳಿಗ್ಗೆ ಎದ್ದು ನಾಲ್ಕು ಜನರ ಸಾಮಾನು ತುಂಬಬೇಕು, ರೂಮ್ ಖಾಲಿ ಮಾಡಬೇಕು, ಸೇಂಟ್ ಪ್ಯಾಂಕ್ರಸ್ ನಿಲ್ದಾಣಕ್ಕೆ ಗಂಟೆಗೂ ಮುಂಚೆ ಹೋಗಬೇಕು. ಅಲ್ಲಿ ಬ್ಯಾಗ್ ತಪಾಸಣೆ, ಅದರ ಹಿಂದೆಯೇ ಫ್ರಾನ್ಸ್‌ನ ಪಾಸ್‌ಪೋರ್ಟ್ ತಪಾಸಣೆ. ಅದು ರೈಲು ಹತ್ತುವ ಮೊದಲೇ ಆಗಿಬಿಡುತ್ತದೆ. ಪ್ಯಾರಿಸ್‌ನಲ್ಲಿ ಇಳಿದಾಗ ಗಡಿಯಾರ ಒಂದು ಗಂಟೆ ಮುಂದೆ ಓಡಿರುತ್ತದೆ. ಹೋಟೆಲ್ ಹುಡುಕಿಕೊಂಡು ಹೋದರೆ ರೂಮ್ ಮಧ್ಯಾಹ್ನ 3ಕ್ಕೆ ಸಿಗುತ್ತದೆ ಅನ್ನುತ್ತಾರೆ. ಅಷ್ಟರಲ್ಲಿ ಚಿಕ್ಕವನು ಲಾಬಿಯ ಸೋಫಾ ಮೇಲೆ ಮಲಗಿರುತ್ತಾನೆ. ಒಂದು ದಿನ ಹೋಯಿತು. ಇಂಥ ದಿನ ಎರಡು. ವಿಮಾನ ಇಳಿದ ದಿನ ಯಾರಿಗೂ ಎಚ್ಚರ ಇರುವುದಿಲ್ಲ, ಅದೂ ಸೇರಿದರೆ ನಿಮ್ಮ ರಜೆಯಲ್ಲಿ ಅರ್ಧ ಬರೀ ಸಾಮಾನು ಸಾಗಿಸುವುದರಲ್ಲಿ ಕಳೆಯುತ್ತದೆ.

ಇನ್ನೊಂದು ವಿಷಯ ತುಂಬ ಜನ ತಡವಾಗಿ ಗಮನಿಸುತ್ತಾರೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ ಷೆಂಗೆನ್ ಅನ್ನುತ್ತಾರೆ. ಬ್ರಿಟನ್ ಅದರಲ್ಲಿಲ್ಲ. ಫ್ರಾನ್ಸ್ ಮತ್ತು ನೆದರ್‌ಲ್ಯಾಂಡ್ಸ್‌ಗೆ ಒಂದೇ ಷೆಂಗೆನ್ ವೀಸಾ ಸಾಕು. ಬ್ರಿಟನ್‌ಗೆ ಬೇರೆಯೇ ಬೇಕು. ನಿಮ್ಮ ಪಾಸ್‌ಪೋರ್ಟ್‌ಗೆ ವೀಸಾ ಕಡ್ಡಾಯವಾದರೆ ನಾಲ್ಕು ಜನಕ್ಕೆ ಎರಡೆರಡು ಅರ್ಜಿ, ಅಂದರೆ ಎಂಟು. ಒಂದು ಅರ್ಜಿ ಮುಗಿದು ಪಾಸ್‌ಪೋರ್ಟ್ ವಾಪಸ್ ಬರುವ ತನಕ ಇನ್ನೊಂದಕ್ಕೆ ಕೈ ಹಾಕುವುದೂ ಕಷ್ಟ.

ಹಾಗಾದರೆ ಲಂಡನ್ನೇ ಯಾಕೆ? ನೋಡಲು ಜಾಸ್ತಿ ಇದೆ ಅಂತಲ್ಲ, ಪ್ಯಾರಿಸ್‌ನಲ್ಲೂ ಅಷ್ಟೇ ಇದೆ. ಚಿಕ್ಕ ಮಕ್ಕಳ ಜೊತೆ ಹೋಗುವಾಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಊರಿನಲ್ಲಿ ಯಾವುದನ್ನಾದರೂ ಅರ್ಧಕ್ಕೆ ಬಿಟ್ಟು ಎದ್ದು ಬರುವುದು ಎಷ್ಟು ಸುಲಭ? ನಾಲ್ಕು ವರ್ಷದ ಮಗು ಒಂದು ಜಾಗದಲ್ಲಿ ಖುಷಿಯಾಗಿರುವುದು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. ಆಮೇಲೆ ಶೂ ಚುಚ್ಚುತ್ತದೆ, ಬಾಯಾರುತ್ತದೆ, ಟಾಯ್ಲೆಟ್ ಬರುತ್ತದೆ, ಅಕ್ಕ ನೋಡಿದಳು ಅಂತಲೂ ಅಳು ಬರುತ್ತದೆ. ಆಗ ಸುಮ್ನೆ ಎದ್ದು ಹೊರಗೆ ಬರಲು ಆಗಬೇಕು. ನಾಲ್ಕು ಜನಕ್ಕೆ ದುಡ್ಡು ಕೊಟ್ಟು, ಅರ್ಧ ಗಂಟೆ ಸಾಲಿನಲ್ಲಿ ನಿಂತು ಒಳಗೆ ಹೋಗಿದ್ದರೆ ಹೊರಗೆ ಬರಲು ದೊಡ್ಡವರಿಗೆ ಮನಸ್ಸು ಬರುವುದಿಲ್ಲ. ಇನ್ನೂ ಆ ಒಂದು ಹಾಲ್ ನೋಡಿಬಿಡೋಣ ಅನ್ನುತ್ತಾರೆ. ಜಗಳ ಶುರುವಾಗುವುದು ಆ ಹಾಲ್‌ನಲ್ಲಿ.

ಲಂಡನ್‌ನ ದೊಡ್ಡ ಮ್ಯೂಸಿಯಂಗಳು ಈ ಇಕ್ಕಟ್ಟನ್ನು ತಪ್ಪಿಸುತ್ತವೆ. ಬ್ರಿಟಿಷ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ, ಎಲ್ಲಕ್ಕೂ ಸಾಮಾನ್ಯ ಪ್ರವೇಶ ಉಚಿತ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. 40 ನಿಮಿಷ ನೋಡಿ ಹೊರಗೆ ಬಂದರೂ ಏನೂ ಕಳೆದುಕೊಂಡ ಹಾಗಾಗುವುದಿಲ್ಲ, ನಾಳೆ ಇನ್ನರ್ಧ ನೋಡಬಹುದು. ಓಡಾಟವೂ ಹಾಗೆಯೇ. 5 ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. 5ರಿಂದ 10 ವರ್ಷದವರು ಟಿಕೆಟ್ ತೆತ್ತ ದೊಡ್ಡವರ ಜೊತೆ ಇದ್ದರೆ ಟ್ಯೂಬ್ (ನೆಲದಡಿಯ ರೈಲು), ಡಿಎಲ್ಆರ್ (ಪೂರ್ವ ಲಂಡನ್ ಕಡೆಯ ಲಘು ರೈಲು), ಬಸ್ ಎಲ್ಲದರಲ್ಲೂ ಉಚಿತ. ನಿಮ್ಮ ಇಬ್ಬರು ಮಕ್ಕಳೂ ಈ ಲೆಕ್ಕಕ್ಕೆ ಬರುತ್ತಾರೆ. ಎರಡು ಸ್ಟಾಪ್ ಹೋಗಿ ಇಳಿದುಬಿಟ್ಟರೂ ಚಿಂತೆ ಇಲ್ಲ. ಒಂದೇ ಎಚ್ಚರ: ದೊಡ್ಡವರು ಇಬ್ಬರಿಗೂ ತಾಗಿಸಿ ದುಡ್ಡು ಕಟ್ಟುವ ಬೇರೆ ಬೇರೆ ಕಾರ್ಡ್ ಬೇಕು. ರೈಲಿಗೆ ಯಾವ ಕಾರ್ಡ್ ತಾಗಿಸಿ ಒಳಗೆ ಹೋದಿರೋ ಅದನ್ನೇ ತಾಗಿಸಿ ಹೊರಗೆ ಬರಬೇಕು. ಒಂದು ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ದುಡ್ಡು ಹಿಡಿಯುವುದಿಲ್ಲ ಅನ್ನುವ ಮಿತಿ ಆ ಕಾರ್ಡ್‌ಗೇ ಲೆಕ್ಕವಾಗುತ್ತದೆ.

ಪ್ಯಾರಿಸ್‌ಗೂ ನ್ಯಾಯ ಸಲ್ಲಿಸಬೇಕು. ಲೂವ್ರ್ ಮ್ಯೂಸಿಯಂನಲ್ಲಿ 18ರೊಳಗಿನವರಿಗೆ ಪ್ರವೇಶ ಉಚಿತ. ಆದರೆ ದೊಡ್ಡವರಿಗೆ ಟಿಕೆಟ್ ಇದೆ, ಹೊತ್ತು ನಿಗದಿ ಮಾಡಿ ಬುಕ್ ಮಾಡಬೇಕು, ಮಂಗಳವಾರ ರಜೆ ಬೇರೆ. ಮೆಟ್ರೊ ಹಳೆಯದು. ಮೆಟ್ಟಿಲು ಹತ್ತದೆ ಎಲ್ಲ ನಿಲ್ದಾಣದಲ್ಲೂ ಓಡಾಡಬಹುದಾದ ಲೈನ್ ಒಂದೇ, 1998ರಲ್ಲಿ ಶುರುವಾದ 14ನೇ ಲೈನ್. ಉಳಿದ ಕಡೆ ಒಬ್ಬರು ಮಗುವನ್ನು, ಇನ್ನೊಬ್ಬರು ಸ್ಟ್ರಾಲರ್ ಅನ್ನು ಎತ್ತಿಕೊಂಡು ಏರಬೇಕು. ಆಮ್‌ಸ್ಟರ್‌ಡ್ಯಾಮ್ ಸಮತಟ್ಟು, ಚಿಕ್ಕದು, ನೀಮೋ ಸೈನ್ಸ್ ಮ್ಯೂಸಿಯಂ ಮಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಕಾಲುವೆಗಳ ದಂಡೆಗೆ ಬಹುತೇಕ ಕಡೆ ಕಂಬಿ ಇಲ್ಲ. ಸೈಕಲ್‌ಗಳು ಸದ್ದಿಲ್ಲದೆ ಬರುತ್ತವೆ. ನಾಲ್ಕು ವರ್ಷದವನ ಕೈಯನ್ನು ಒಂದು ನಿಮಿಷವೂ ಬಿಡಲು ಆಗುವುದಿಲ್ಲ. ಅವನಿಗೆ ಏಳೆಂಟು ಆದಮೇಲೆ ಆ ಊರು ಚೆನ್ನ.

ಇನ್ನು ದಿನಗಳು. ನಾನು ದಿನಕ್ಕೆ ಒಂದೇ ದೊಡ್ಡ ವಿಷಯ ಇಡುತ್ತೇನೆ, ಅದನ್ನು ಬೆಳಿಗ್ಗೆ ಇಡುತ್ತೇನೆ. ಅದರ ಹಿಂದೆಯೇ ಓಡಾಡಲು ಹುಲ್ಲು ಬೇಕು. ಮಧ್ಯಾಹ್ನ ರೂಮ್, ಅಥವಾ ಮರದ ಕೆಳಗೆ ನಿದ್ದೆ. ಸಂಜೆಗೆ ಏನೂ ಬರೆದಿಡುವುದಿಲ್ಲ. ಮಕ್ಕಳು ಚುರುಕಾಗಿದ್ದರೆ ಬಸ್‌ನ ಮೇಲಿನ ಮಹಡಿಯಲ್ಲಿ ಮುಂದಿನ ಸೀಟು ಹಿಡಿದು ಒಂದು ಸುತ್ತು, ಇಲ್ಲದಿದ್ದರೆ ಬೇಗ ಊಟ ಮಾಡಿ ಮಲಗುವುದು.

ಉದಾಹರಣೆಗೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ದಿನ. 10ಕ್ಕೆ ತೆರೆಯುತ್ತದೆ. ಉಚಿತವಾದರೂ ಹೊತ್ತು ಗೊತ್ತು ಮಾಡಿ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದಿಡಿ, ಸಾಲು ಚಿಕ್ಕದಾಗುತ್ತದೆ. ಎಕ್ಸಿಬಿಷನ್ ರೋಡ್ ಬಾಗಿಲಿನಿಂದ ಹೋದರೆ ಒಂದು ದೊಡ್ಡ ಲೋಹದ ಭೂಗೋಳದ ಹೊಟ್ಟೆಯೊಳಗೆ ಹಾದು ಎಸ್ಕಲೇಟರ್ ಮೇಲಕ್ಕೆ ಹೋಗುತ್ತದೆ. ಚಿಕ್ಕವನಿಗೆ ಅಲ್ಲೇ ಅರ್ಧ ಮ್ಯೂಸಿಯಂ ಮುಗಿಯುತ್ತದೆ, ಇನ್ನೊಂದು ಸಲ ಅನ್ನುತ್ತಾನೆ, ಕರೆದುಕೊಂಡು ಹೋಗಿ. ಆಮೇಲೆ ಡೈನೋಸಾರ್ ಗ್ಯಾಲರಿ. ಅಲ್ಲಿ ಟಿ-ರೆಕ್ಸ್ ತಲೆ ತಿರುಗಿಸುತ್ತದೆ, ಗರ್ಜಿಸುತ್ತದೆ. ಕತ್ತಲೂ ಇದೆ. ಹೆದರುವ ಮಗುವಾದರೆ ಮೊದಲೇ ಹೇಳಿಡಿ, ಅದು ಯಂತ್ರ, ಎದ್ದು ಬರುವುದಿಲ್ಲ ಅಂತ. ಮಧ್ಯದ ಹಿಂಟ್ಜೆ ಹಾಲ್‌ನಲ್ಲಿ 25.2 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತಲೆಯ ಮೇಲೆ ತೂಗುತ್ತದೆ, 2017ರಿಂದ ಅಲ್ಲಿದೆ. ಮಗಳಿಗೆ ಮೇಲಿನ ಮಹಡಿಯಿಂದ ತೋರಿಸಿ, ಅದರ ದವಡೆ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಇಷ್ಟು ಸಾಕು. ಖನಿಜ, ಪಕ್ಷಿ, ಕೀಟ ಎಲ್ಲ ಬಿಡಿ. ಹೊರಗಿನ ತೋಟವನ್ನು 2024ರಲ್ಲಿ ಹೊಸದಾಗಿ ಮಾಡಿದ್ದಾರೆ, ಕಂಚಿನ ಡಿಪ್ಲೊಡೋಕಸ್ ಡೈನೋಸಾರ್ ನಿಂತಿದೆ. ಅಲ್ಲಿ ಕೂತು ಬುತ್ತಿ ಬಿಚ್ಚಿ.

ಇನ್ನೂ ಚೈತನ್ಯ ಇದ್ದರೆ ಪಕ್ಕದಲ್ಲೇ ಸೈನ್ಸ್ ಮ್ಯೂಸಿಯಂ. ಅದರ ನೆಲಮಾಳಿಗೆಯಲ್ಲಿ 3ರಿಂದ 6 ವರ್ಷದವರಿಗೆ ಅಂತಲೇ ನೀರಾಟದ ಜಾಗ ಇದೆ. ಮಗನಿಗೆ ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ. ಜೂನ್‌ನಲ್ಲಿ ಅಲ್ಲಿನ ಶಾಲೆಗಳು ನಡೆಯುತ್ತಿರುತ್ತವೆ, ಬೇಸಿಗೆ ರಜೆ ಜುಲೈ ಕೊನೆಗೆ. ಹಾಗಾಗಿ ವಾರದ ದಿನ ಬೆಳಿಗ್ಗೆ ಮ್ಯೂಸಿಯಂಗಳಲ್ಲಿ ಶಾಲೆಯ ಗುಂಪುಗಳ ಗದ್ದಲ ಇರುತ್ತದೆ. ಮಧ್ಯಾಹ್ನ 2ರ ಮೇಲೆ ಅವರು ಹೊರಡುತ್ತಾರೆ. ಶನಿವಾರ, ಭಾನುವಾರ ಮಾತ್ರ ಮ್ಯೂಸಿಯಂ ಬೇಡ, ಆ ದಿನಗಳನ್ನು ಪಾರ್ಕಿಗೆ, ನದಿಗೆ ಇಡಿ.

ಬಕಿಂಗ್‌ಹ್ಯಾಮ್ ಅರಮನೆಯ ಕಾವಲು ಬದಲಾವಣೆ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ನನ್ನ ಪಟ್ಟಿಯಲ್ಲಿಲ್ಲ. ಗಂಟೆ ಮುಂಚೆ ಹೋಗಿ ಜಾಗ ಹಿಡಿಯದಿದ್ದರೆ ಮಕ್ಕಳಿಗೆ ಕಾಣುವುದು ಬೇರೆಯವರ ಬೆನ್ನು ಮಾತ್ರ. ಬದಲಿಗೆ ಹಾರ್ಸ್ ಗಾರ್ಡ್ಸ್ ಪೆರೇಡ್ ಮೈದಾನಕ್ಕೆ ಹೋಗಿ. ದಿನಾ 11ಕ್ಕೆ, ಭಾನುವಾರ 10ಕ್ಕೆ, ಕುದುರೆ ಸವಾರರ ಕಾವಲು ಬದಲಾಗುತ್ತದೆ. ಜನ ಕಡಿಮೆ. ಕುದುರೆ ಮೂಗಿನಿಂದ ಬುಸ್ ಅನ್ನುವುದು ಕೇಳುವಷ್ಟು ಹತ್ತಿರ ನಿಲ್ಲಬಹುದು. ಮುಟ್ಟಲು ಬಿಡಬೇಡಿ, ಕಚ್ಚುತ್ತವೆ, ಒದೆಯುತ್ತವೆ ಅಂತ ಅಲ್ಲೇ ಫಲಕ ಇದೆ. ರಸ್ತೆ ದಾಟಿದರೆ ಸೇಂಟ್ ಜೇಮ್ಸ್ ಪಾರ್ಕ್. ಅದರ ಕೊಳದಲ್ಲಿ ಪೆಲಿಕನ್‌ಗಳಿವೆ. 1664ರಲ್ಲಿ ರಷ್ಯಾದ ರಾಯಭಾರಿ ಕೊಟ್ಟ ಉಡುಗೊರೆಯಿಂದ ಶುರುವಾದ ಪದ್ಧತಿ ಅದು. ಮಧ್ಯಾಹ್ನ 2.30ರಿಂದ 3ರ ನಡುವೆ ಅವಕ್ಕೆ ಮೀನು ಹಾಕುತ್ತಾರೆ. ಆ ನಡುವಿನ ಹೊತ್ತಿಗೆ ಪಾರ್ಕಿನ ಆಟದ ಜಾಗ ಇದೆ, ಹುಲ್ಲಿದೆ, ಸ್ಟ್ರಾಲರ್‌ನಲ್ಲಿ ನಿದ್ದೆ ಇದೆ. ಒಂದು ಇಡೀ ದಿನ ಪ್ರವೇಶಕ್ಕೆ ಬಿಡಿಗಾಸು ಕೊಡದೆ ಮುಗಿಯುತ್ತದೆ, ಯಾವ ಗಳಿಗೆಯಲ್ಲಿ ಬೇಕಾದರೂ ಎದ್ದು ಬರಬಹುದು.

ನನಗೆ ತುಂಬ ಇಷ್ಟದ್ದು ಗ್ರೀನಿಚ್ ದಿನ. ಬ್ಯಾಂಕ್ ನಿಲ್ದಾಣದಿಂದ ಡಿಎಲ್ಆರ್ ಹತ್ತಿ. ಈ ರೈಲಿಗೆ ಮುಂದೆ ಚಾಲಕನ ಕೋಣೆ ಇಲ್ಲ, 1987ರಿಂದಲೂ ತಾನೇ ಓಡುತ್ತದೆ. ಬ್ಯಾಂಕ್ ಆ ಲೈನಿನ ಮೊದಲ ನಿಲ್ದಾಣ, ಹಾಗಾಗಿ ಒಂದು ರೈಲು ಬಿಟ್ಟು ಮುಂದಿನದಕ್ಕೆ ಕಾದರೆ ಎದುರಿನ ಗಾಜಿನ ಪಕ್ಕದ ಸೀಟು ಸಿಗುತ್ತದೆ. ರೈಲು ಸುರಂಗದಿಂದ ಹೊರಗೆ ಬಂದು ಎತ್ತರದ ಹಳಿಯ ಮೇಲೆ ಏರಿದಾಗ ಮಗ ಎರಡೂ ಕೈ ಗಾಜಿಗೆ ಒತ್ತಿ ರೈಲು ಓಡಿಸುತ್ತಾನೆ. ಪ್ರತಿ ತಿರುವಿನಲ್ಲೂ ಮೈ ವಾಲಿಸುತ್ತಾನೆ. ಐಲ್ಯಾಂಡ್ ಗಾರ್ಡನ್ಸ್‌ನಲ್ಲಿ ಇಳಿಯಿರಿ. ಗ್ರೀನಿಚ್ ಇರುವುದು ನದಿಯ ಆಚೆ. ರೈಲು ಅಲ್ಲಿಗೂ ಹೋಗುತ್ತದೆ, ಆದರೆ ನೀವು ನಡೆದುಕೊಂಡು ಹೋಗಿ. ಥೇಮ್ಸ್ ನದಿಯ ಕೆಳಗೆ 1902ರಲ್ಲಿ ತೆರೆದ ಪಾದಚಾರಿ ಸುರಂಗ ಇದೆ. 370 ಮೀಟರ್, ಬಿಳಿ ಟೈಲ್ಸ್ ಗೋಡೆ, ಕೂಗಿದರೆ ಮರುದನಿ. ನದಿ ನಮ್ಮ ತಲೆಯ ಮೇಲೆ ಹರಿಯುತ್ತಿದೆ ಅಂತ ಮಗಳಿಗೆ ಹೇಳಿ. ಲಿಫ್ಟ್ ಆಗಾಗ ಕೆಟ್ಟಿರುತ್ತದೆ, ಆಗ ಸುರುಳಿ ಮೆಟ್ಟಿಲು, ನೂರರ ಹತ್ತಿರ ಇವೆ. ಸ್ಟ್ರಾಲರ್ ಹೊರುವ ಶಕ್ತಿ ಇಲ್ಲದಿದ್ದರೆ ಸುಮ್ನೆ ರೈಲಿನಲ್ಲೇ ಕಟಿ ಸಾರ್ಕ್ ನಿಲ್ದಾಣಕ್ಕೆ ಹೋಗಿ. ಅಲ್ಲಿ 1869ರ ಚಹಾ ಸಾಗಿಸುತ್ತಿದ್ದ ಹಡಗು ನಿಂತಿದೆ. ಮ್ಯಾರಿಟೈಮ್ ಮ್ಯೂಸಿಯಂನಲ್ಲಿ ನೆಲದ ತುಂಬ ಹಾಸಿದ ದೊಡ್ಡ ಪ್ರಪಂಚದ ನಕ್ಷೆ ಇದೆ, ಮಕ್ಕಳು ಒಂದು ಖಂಡದಿಂದ ಇನ್ನೊಂದಕ್ಕೆ ಜಿಗಿಯುತ್ತಾರೆ. ವಾಪಸ್ ಬರುವಾಗ ದೋಣಿ ಹಿಡಿಯಿರಿ. ಟವರ್ ಬ್ರಿಡ್ಜ್ ಕೆಳಗೆ ಹಾದು ಬರುತ್ತದೆ, ಅದನ್ನು ನೋಡಲು ಬೇರೆ ದಿನ ಬೇಡ.

ಎಲ್ಲವನ್ನೂ ನಾಲ್ಕು ಜನ ಒಟ್ಟಿಗೇ ಮಾಡಬೇಕು ಅನ್ನುವ ಹಟ ಬಿಡಿ. 9ಕ್ಕೂ 4ಕ್ಕೂ ತುಂಬ ಅಂತರ. ಮಗನ ಜಾರುಬಂಡೆಯ ಪಕ್ಕ ಮಗಳನ್ನು ದಿನಾ ಕೂರಿಸಿದರೆ ಮೂರನೇ ದಿನಕ್ಕೆ ಅವಳ ಮುಖ ಊದಿಕೊಳ್ಳುತ್ತದೆ. ಒಂದೆರಡು ಮಧ್ಯಾಹ್ನ ಬೇರೆಯಾಗಿ. ಟವರ್ ಆಫ್ ಲಂಡನ್‌ಗೆ ಮಗಳ ಜೊತೆ ಒಬ್ಬರು ಹೋಗಿ. ಅಲ್ಲಿ ಕಿರೀಟಗಳಿವೆ, ಕುದುರೆಗೂ ತೊಡಿಸಿದ ರಕ್ಷಾಕವಚಗಳಿವೆ, ಕಾಗೆಗಳಿವೆ. ಆರು ಕಾಗೆಗಳಾದರೂ ಇರದಿದ್ದರೆ ರಾಜ್ಯ ಬೀಳುತ್ತದೆ ಅಂತ ಒಂದು ಕಥೆ, ಅದಕ್ಕೇ ಅವನ್ನು ಸಾಕಿಕೊಂಡಿದ್ದಾರೆ. ಟಿಕೆಟ್ ದುಬಾರಿ, ಹೀಗಾದರೆ ಇಬ್ಬರದ್ದು ಕೊಟ್ಟರೆ ಸಾಕು, ಓದುವ ವಯಸ್ಸಿನ ಮಗಳಿಗೆ ಅದರ ಬೆಲೆ ವಸೂಲಾಗುತ್ತದೆ. ಆ ಹೊತ್ತಿಗೆ ಮಗ ಇನ್ನೊಬ್ಬರ ಜೊತೆ ಬಸ್ ಹತ್ತಿ ಇಳಿದು ಆಡಲಿ. ಒಬ್ಬೊಬ್ಬರೇ ಸಿಕ್ಕಾಗ ಮಕ್ಕಳು ಎಷ್ಟು ಒಳ್ಳೆಯವರಾಗಿಬಿಡುತ್ತಾರೆ ಅಂತ ನಿಮಗೂ ಗೊತ್ತಿರುತ್ತದೆ. ಹಾಗೇ ಒಂದು ಇಡೀ ದಿನದ ಯೋಜನೆಯನ್ನು ಮಗಳಿಗೇ ಬಿಟ್ಟುಕೊಡಿ. ನಕ್ಷೆ ಅವಳ ಕೈಲಿರಲಿ, ಯಾವ ಲೈನ್, ಎಲ್ಲಿ ಇಳಿಯುವುದು ಅಂತ ಅವಳೇ ಹೇಳಲಿ. ತಪ್ಪಾದ ದಿಕ್ಕಿಗೆ ಹೋದರೂ ಎರಡು ಸ್ಟಾಪ್ ತನಕ ಬಾಯಿ ಬಿಡಬೇಡಿ.

ಸ್ಟ್ರಾಲರ್ ಬೇಕಾ ಅಂತ ಕೇಳಿದ್ದೀರಿ. ಬೇಕು. ಮನೆಯಲ್ಲಿ ಅವನು ಅದನ್ನು ಬಿಟ್ಟು ವರ್ಷವಾಗಿದ್ದರೂ ಬೇಕು. ನಗರ ಸುತ್ತುವಾಗ ದೊಡ್ಡವರೇ ದಿನಕ್ಕೆ ಹತ್ತು ಕಿಲೋಮೀಟರ್ ಹತ್ತಿರ ನಡೆದುಬಿಡುತ್ತಾರೆ, ಅವನ ಕಾಲಿಗೆ ಅದು ಆಗದ ಮಾತು. ಒಂದೇ ಕೈಯಲ್ಲಿ ಮಡಚಲು ಬರುವ, ಹಗುರವಾದದ್ದು ಸಾಕು. ದೊಡ್ಡ ಚಕ್ರದ, ಭಾರದ್ದು ಬೇಡ. ಹೊರಡುವ ಮೊದಲು ಮನೆಯಲ್ಲೇ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಒಂದು ಕೈಯಲ್ಲಿ ಮಡಚಿ ನೋಡಿ, ಬರದಿದ್ದರೆ ಬೇರೆಯದು ಹುಡುಕಿ. ಟ್ಯೂಬ್‌ನ 272 ನಿಲ್ದಾಣಗಳಲ್ಲಿ ಮೆಟ್ಟಿಲಿಲ್ಲದೆ ಹೋಗಬಹುದಾದವು ಸುಮಾರು ಮೂರರಲ್ಲಿ ಒಂದು ಪಾಲು ಅಷ್ಟೇ. ಎಸ್ಕಲೇಟರ್ ಮೇಲೆ ಮಗುವನ್ನು ಇಳಿಸಿ, ಮಡಚಿ ಹಿಡಿದುಕೊಳ್ಳಬೇಕು. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್‌ನಲ್ಲಿ ಈ ತಾಪತ್ರಯ ಇಲ್ಲ, ಎಲ್ಲ 41 ನಿಲ್ದಾಣಗಳಲ್ಲೂ ಮೆಟ್ಟಿಲಿಲ್ಲದ ದಾರಿ ಇದೆ. ಬಸ್‌ಗಳ ನೆಲ ತಗ್ಗಿನಲ್ಲಿದೆ, ಸ್ಟ್ರಾಲರ್ ನೇರ ಒಳಗೆ ತಳ್ಳಬಹುದು. ವ್ಹೀಲ್‌ಚೇರ್‌ನವರು ಬಂದರೆ ಆ ಜಾಗ ಅವರದು, ನೀವು ಮಡಚಬೇಕು. ಹೊತ್ತಿದ್ದಾಗ ಬಸ್‌ನಲ್ಲೇ ಓಡಾಡಿ. ನಿಧಾನ ನಿಜ, ಆದರೆ ಕಿಟಕಿ ಇದೆ. ನೆಲದಡಿಯ ರೈಲಿನಲ್ಲಿ ಮಕ್ಕಳಿಗೆ ನೋಡಲು ಏನಿದೆ?

ಇರುವ ಜಾಗಕ್ಕೆ ಮಾತ್ರ ಜಿಪುಣತನ ಮಾಡಬೇಡಿ. ಊರಾಚೆಯ ಅಗ್ಗದ ರೂಮ್ ತೆಗೆದುಕೊಂಡರೆ ಮಧ್ಯಾಹ್ನ ವಾಪಸ್ ಬರುವ ಆಲೋಚನೆಯೇ ಸತ್ತುಹೋಗುತ್ತದೆ, ಆಮೇಲೆ ಬೆಳಿಗ್ಗೆ 9ರಿಂದ ರಾತ್ರಿ 8ರ ತನಕ ಬೀದಿಯಲ್ಲೇ. ಪ್ಯಾಡಿಂಗ್ಟನ್ ಸುತ್ತಮುತ್ತ ನೋಡಿ. ಹೀಥ್ರೂ ವಿಮಾನ ನಿಲ್ದಾಣದಿಂದ ಎಲಿಜಬೆತ್ ಲೈನ್‌ನಲ್ಲಿ ಅರ್ಧ ಗಂಟೆಯ ಹಾದಿ, ಹೈಡ್ ಪಾರ್ಕ್ ನಡೆದು ಹೋಗುವಷ್ಟು ಹತ್ತಿರ. ಆದರೆ ಅಲ್ಲಿನ ಬಹಳ ಹೋಟೆಲ್‌ಗಳು ಹಳೆಯ ಮನೆಗಳಲ್ಲಿವೆ. ಲಿಫ್ಟ್ ಇಲ್ಲದ, ಇಕ್ಕಟ್ಟಿನ ಮೆಟ್ಟಿಲಿನವು. ಬುಕ್ ಮಾಡುವ ಮುನ್ನ ಮೂರು ಪ್ರಶ್ನೆ ಬರೆದು ಕೇಳಿ: ಲಿಫ್ಟ್ ಇದೆಯಾ, ನಾಲ್ಕು ಜನಕ್ಕೆ ಒಂದೇ ರೂಮಿನಲ್ಲಿ ನಿಜವಾದ ಹಾಸಿಗೆಗಳಿವೆಯಾ, ಕಿಟಕಿಗೆ ದಪ್ಪ ಪರದೆ ಇದೆಯಾ. ಮೂರನೆಯದನ್ನು ಕೇಳಿ ನಗಬೇಡಿ. ಜೂನ್ ಕೊನೆಯಲ್ಲಿ ಲಂಡನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 9.20ರ ಹೊತ್ತಿಗೆ, ಹುಟ್ಟುವುದು ಬೆಳಗಿನ 4.45ಕ್ಕೆ. ಹೊರಗೆ ಬಿಸಿಲಿರುವಾಗ ಮಲಗು ಅಂದರೆ ಯಾವ ಮಗು ಕೇಳುತ್ತದೆ? ಅಡುಗೆ ಮಾಡಿಕೊಳ್ಳುವ ಸೌಲಭ್ಯ ಇರುವ ಅಪಾರ್ಟ್‌ಮೆಂಟ್ ಸಿಕ್ಕರೆ ಇನ್ನೂ ಒಳ್ಳೆಯದು. ದೊಡ್ಡ ಅಡುಗೆ ಬೇಡ, ಬೆಳಗಿನ ತಿಂಡಿ ಮತ್ತು ಒಂದು ವಾಷಿಂಗ್ ಮೆಷಿನ್ ಸಾಕು, ಬ್ಯಾಗ್ ಅರ್ಧಕ್ಕಿಳಿಯುತ್ತದೆ.

ಮೊದಲ ದಿನಕ್ಕೆ ಏನೂ ಬುಕ್ ಮಾಡಬೇಡಿ. ಪೂರ್ವದ ದೇಶಗಳಿಂದ ಪಶ್ಚಿಮಕ್ಕೆ ಬಂದ ಮಕ್ಕಳು ಮೊದಲೆರಡು ದಿನ ನಸುಕಿನಲ್ಲೇ ಎದ್ದು ಕೂರುತ್ತಾರೆ. ಬೈದು ಮಲಗಿಸಲು ಹೋಗಬೇಡಿ. ಹೈಡ್ ಪಾರ್ಕ್ ಬೆಳಿಗ್ಗೆ 5ಕ್ಕೇ ತೆರೆಯುತ್ತದೆ, ಅಷ್ಟರಲ್ಲಿ ಬೆಳಕೂ ಆಗಿರುತ್ತದೆ. ಕರೆದುಕೊಂಡು ಹೋಗಿ, ಹಂಸಗಳು ಎದ್ದಿರುತ್ತವೆ. ಸಂಜೆ 5ಕ್ಕೆ ತೂಕಡಿಸಿದರೆ ಮಾತ್ರ ಹೇಗಾದರೂ ಮಾಡಿ 7ರ ತನಕ ಎಳೆಯಿರಿ.

ಇದನ್ನು ಮಾತ್ರ ಹೋದ ದಿನವೇ ಇಬ್ಬರಿಗೂ ಹೇಳಿಕೊಡಿ. ನಾವು ರೈಲು ಹತ್ತಿ ನೀನು ಪ್ಲಾಟ್‌ಫಾರ್ಮ್‌ನಲ್ಲಿ ಉಳಿದರೆ ಅಲ್ಲೇ ನಿಲ್ಲು, ನಾವು ವಾಪಸ್ ಬರುತ್ತೇವೆ. ನೀನು ಹತ್ತಿ ನಾವು ಉಳಿದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲು, ನಾವು ಬರುತ್ತೇವೆ. ಮಾತಲ್ಲಿ ಹೇಳಿದರೆ ಸಾಲದು. ರೂಮಿನ ಬಾಗಿಲನ್ನೇ ರೈಲಿನ ಬಾಗಿಲು ಮಾಡಿಕೊಂಡು ಆಡಿಸಿ ತೋರಿಸಿ. ಹತ್ತುವಾಗ ಒಬ್ಬರು ದೊಡ್ಡವರು ಮೊದಲು, ನಡುವೆ ಮಕ್ಕಳು, ಇನ್ನೊಬ್ಬರು ಕೊನೆಗೆ. ಮಗನ ಅಂಗಿಯ ಒಳಮಡಿಕೆಯಲ್ಲಿ ನಿಮ್ಮ ಫೋನ್ ನಂಬರನ್ನು ದೇಶದ ಕೋಡ್ ಸಮೇತ ಬರೆದಿಡಿ. ಬೆಳಿಗ್ಗೆ ಹೊರಡುವ ಮುನ್ನ ಇಬ್ಬರದ್ದೂ ಒಂದು ಫೋಟೊ ತೆಗೆಯಿರಿ, ಹುಡುಕುವಾಗ ಇವತ್ತು ಯಾವ ಬಣ್ಣದ ಬಟ್ಟೆ ಅಂತ ನೆನಪೇ ಬರುವುದಿಲ್ಲ. ಅಲ್ಲಿನ ತುರ್ತು ಸಂಖ್ಯೆ 999, 112 ಕೂಡ ನಡೆಯುತ್ತದೆ. ಜ್ವರ, ವಾಂತಿ ಥರದ್ದಕ್ಕೆ ಏನು ಮಾಡಲಿ ಅಂತ ಕೇಳಲು 111.

ಕಾಗದಪತ್ರಗಳು ಬೇಸರದ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಹಲವು ದೇಶಗಳಲ್ಲಿ ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತದೆ, ದೊಡ್ಡವರದ್ದನ್ನು ನೋಡಿ ಮಕ್ಕಳದ್ದೂ ಇದೆ ಅಂದುಕೊಳ್ಳಬೇಡಿ. ಇವತ್ತೇ ತೆಗೆದು ತಾರೀಖು ನೋಡಿ. ಬ್ರಿಟನ್ ಪ್ರವಾಸಿ ವೀಸಾಕ್ಕೆ ಹೊರಡುವ 3 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ತೀರ್ಮಾನ ಸಾಮಾನ್ಯವಾಗಿ 3 ವಾರದಲ್ಲಿ ಬರುತ್ತದೆ. ವೀಸಾ ಬೇಡದ ದೇಶದವರಿಗೂ ಈಗ ಇಟಿಎ ಅನ್ನುವ ಆನ್‌ಲೈನ್ ಅನುಮತಿ ಬೇಕು, ಕೈಗೂಸಿಗೂ ಪ್ರತ್ಯೇಕವಾಗಿ. ಮಕ್ಕಳ ಜನನ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ. ನಿಮ್ಮ ಮತ್ತು ಮಗುವಿನ ಕೊನೆಯ ಹೆಸರು ಬೇರೆ ಇದ್ದರೆ ಗಡಿಯಲ್ಲಿ ಸಂಬಂಧ ಕೇಳುತ್ತಾರೆ. ಕೊನೆ ಗಳಿಗೆಯಲ್ಲಿ ಒಬ್ಬರೇ ಮಕ್ಕಳ ಜೊತೆ ಹೊರಡುವ ಹಾಗಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಪ್ರಯಾಣ ವಿಮೆಯಲ್ಲಿ ಮಕ್ಕಳ ಹೆಸರು ಸೇರಿದೆಯಾ ಅಂತ ಓದಿ ನೋಡಿ.

ವಿಮಾನಕ್ಕೆ ಒಂದೆರಡು ಮಾತು. ಔಷಧ ಕೈಚೀಲದಲ್ಲಿರಲಿ, ಕೆಳಗೆ ಹೋಗುವ ಪೆಟ್ಟಿಗೆಯಲ್ಲಿ ಬೇಡ. ಮಗುವಿನ ತೂಕಕ್ಕೆ ಎಷ್ಟು ಡೋಸ್ ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಬಹಳಷ್ಟು ಏರ್‌ಪೋರ್ಟ್‌ಗಳಲ್ಲಿ ದ್ರವಕ್ಕೆ 100 ಮಿಲಿ ಮಿತಿ ಇನ್ನೂ ಇದೆ, ಆದರೆ ಮಕ್ಕಳಿಗೆ ಬೇಕಾದ ಔಷಧಕ್ಕೆ ವಿನಾಯಿತಿ ಇದೆ, ಚೀಟಿ ತೋರಿಸಿ. ಪವರ್‌ಬ್ಯಾಂಕ್ ಕೂಡ ಕೈಚೀಲದಲ್ಲೇ. ಕಿವಿ ನೋಯುವುದು ಏರುವಾಗಿನದಕ್ಕಿಂತ ಇಳಿಯುವಾಗ ಜಾಸ್ತಿ. ಚಿಕ್ಕವನು ಮಲಗಿದ್ದರೆ ಇಳಿಯಲು ಶುರುವಾದಾಗ ಎಬ್ಬಿಸಿ, ಗುಟುಕು ಗುಟುಕಾಗಿ ನೀರು ಕುಡಿಸಿ.

ಈ ವಾರ ಮೂರೇ ಕೆಲಸ ಮಾಡಿ: ಪಾಸ್‌ಪೋರ್ಟ್ ತಾರೀಖು, ವಿಮಾನ, ರೂಮ್. ಈ ಎರಡೂ ಬುಕಿಂಗ್‌ನಲ್ಲಿ ರದ್ದು ಮಾಡಲು ಬರುವುದನ್ನೇ ಆರಿಸಿ, ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಯಾಕಂದರೆ ವೀಸಾ ಇನ್ನೂ ಬಂದಿಲ್ಲ. ಹೊರಡಲು ಮೂರು ವಾರ ಇರುವಾಗ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಟಿಕೆಟ್, ಟವರ್‌ಗೆ ಎರಡು ಟಿಕೆಟ್. ಲಂಡನ್ ಐ ಬೇಕೇ ಬೇಕು ಅಂತ ಮನೆಯವರು ಹಟ ಹಿಡಿದರೆ ಅದೂ ಒಂದು. 135 ಮೀಟರ್ ಎತ್ತರದ ಆ ಚಕ್ರ ಒಂದು ಸುತ್ತಿಗೆ 30 ನಿಮಿಷ ತೆಗೆದುಕೊಳ್ಳುತ್ತದೆ, ಮಧ್ಯೆ ಇಳಿಯಲು ಬರುವುದಿಲ್ಲ, ಹಾಗಾಗಿ ಹತ್ತುವ ಮುಂಚೆ ಮಗನನ್ನು ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ.